ಎಐ ಇಂಟರ್‌ವ್ಯೂ ಇದೆಯಾ? ಹೀಗೆ ಮಾತಾಡಿ

ಕೆಲಸದ ಇಂಟರ್‌ವ್ಯೂನಲ್ಲಿ ಮನುಷ್ಯರ ಬದಲು ಎಐ ಸಾಫ್ಟ್‌ವೇರ್ ಪ್ರಶ್ನೆ ಕೇಳಿ ಅಂಕ ಕೊಡೋದೇ ಎಐ ಇಂಟರ್‌ವ್ಯೂ. ಮೊದಲು ಕಂಪನಿಯಿಂದ ಬಂದಿರೋ ಮೇಲ್ ಸರಿಯಾಗಿ ಓದಿ, ಯಾಕಂದ್ರೆ ಎಐ ಇಂಟರ್‌ವ್ಯೂ ಅಂದ್ರೂ ಅದರಲ್ಲಿ ಎರಡು ಥರ ಇದೆ. ಒಂದರಲ್ಲಿ ಸ್ಕ್ರೀನ್ ಮೇಲೆ ಪ್ರಶ್ನೆ ಬರುತ್ತೆ, ಯೋಚನೆ ಮಾಡೋಕೆ ಒಂದು ಅರ್ಧ ನಿಮಿಷ ಸಿಗುತ್ತೆ, ಆಮೇಲೆ ರೆಕಾರ್ಡಿಂಗ್ ಶುರು ಆಗಿ ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸ್ಬೇಕು. ಇನ್ನೊಂದರಲ್ಲಿ ಒಂದು ದನಿ ನಿಮ್ಮ ಜೊತೆ ಮಾತಾಡುತ್ತೆ, ನೀವು ಹೇಳಿದ್ದರ ಮೇಲೇ ಮತ್ತೆ ಕೆದಕಿ ಕೇಳುತ್ತೆ.

ಎರಡರಲ್ಲೂ ಸಾಮಾನ್ಯವಾಗಿ ನಿಮ್ಮ ಮಾತು ಟೆಕ್ಸ್ಟ್ ಆಗುತ್ತೆ, ಅಂಕ ಬೀಳೋದು ಬಹುಪಾಲು ಆ ಟೆಕ್ಸ್ಟ್‌ಗೆ. ಕ್ಯಾಮೆರಾ ಮುಂದೆ ನಕ್ಕೂ ನಕ್ಕೂ ಕೆನ್ನೆ ನೋಯಿಸ್ಕೊಳ್ಳೋದು ಬೇಡ, ಈ ಫೀಲ್ಡ್‌ನ ದೊಡ್ಡ ಕಂಪನಿ ಹೈರ್‌ವ್ಯೂ ಮುಖದ ಹಾವಭಾವಕ್ಕೆ ಸ್ಕೋರ್ ಕೊಡೋದನ್ನ ಕೈಬಿಟ್ಟಿದೀವಿ ಅಂತ 2021ರಲ್ಲೇ ಹೇಳಿದೆ. ಆದ್ರೆ ವಿಡಿಯೋನ ಆಮೇಲೆ ಮನುಷ್ಯರೂ ನೋಡಬಹುದು, ಹಾಗಾಗಿ ಮುಖದ ಮೇಲೆ ಬೆಳಕು ಬೀಳೋ ಥರ ಕೂತ್ಕೊಳ್ಳಿ, ಅಷ್ಟು ಸಾಕು. ಮೈಕ್ ಮಾತ್ರ ಚೆನ್ನಾಗಿರ್ಲೇಬೇಕು, ಅದು ತಪ್ಪಾಗಿ ಕೇಳಿಸ್ಕೊಂಡ್ರೆ ಟೆಕ್ಸ್ಟೂ ತಪ್ಪೇ.

ಈಗ ಉತ್ತರ. "ನಾವು ಅದನ್ನ ಫಿಕ್ಸ್ ಮಾಡಿದ್ವಿ, ಆಮೇಲೆ ಎಲ್ಲ ಸರಿ ಹೋಯ್ತು" ಅಂದ್ರೆ ಎದುರಿಗಿರೋ ಮನುಷ್ಯ "ಏನು ಫಿಕ್ಸ್ ಮಾಡಿದ್ರಿ, ಅದರಲ್ಲಿ ನಿಮ್ಮ ಪಾಲೇನು" ಅಂತ ಕೇಳ್ತಾನೆ, ರೆಕಾರ್ಡಿಂಗ್ ಥರದ್ದು ಹಾಗೆ ತಿರುಗಿ ಕೇಳಲ್ಲ. ಅದನ್ನೇ ಹೀಗೆ ಹೇಳಿ ನೋಡಿ: "ಪೇಮೆಂಟ್ ಪೇಜ್ ಪದೇ ಪದೇ ನಿಂತು ಹೋಗ್ತಿತ್ತು, ನಾನು ಸಿಸ್ಟಮ್ ಲಾಗ್ ನೋಡಿ ಡೇಟಾಬೇಸ್‌ನ ಒಂದು ಕ್ವೆರಿ ಸ್ಲೋ ಇರೋದು ಕಂಡುಹಿಡಿದೆ, ಅದು ಬೇಗ ಆಗ್ಲಿ ಅಂತ ಇಂಡೆಕ್ಸ್ ಹಾಕಿದೆ, ಆಮೇಲೆ ಆ ಕಂಪ್ಲೇಂಟ್ ಬರ್ಲಿಲ್ಲ." ಏನು ತೊಂದರೆ, ನಾನೇನು ಮಾಡ್ದೆ, ಏನಾಯ್ತು, ಮೂರೂ ಬಂತು. ಜಾಬ್ ಪೋಸ್ಟ್‌ನಲ್ಲಿ ಕೇಳಿರೋ ಸ್ಕಿಲ್ ಹೆಸರನ್ನ ನೀವು ನಿಜವಾಗ್ಲೂ ಬಳಸಿದ್ರೆ ಬಾಯಿಬಿಟ್ಟು ಹೇಳಿ, ಎಐ ತಾನೇ ಅರ್ಥ ಮಾಡ್ಕೊಳ್ಳುತ್ತೆ ಅಂತ ಬಿಡ್ಬೇಡಿ.

ದನಿ ಮಾತಾಡೋ ಥರದ್ದಾದ್ರೆ ಇನ್ನೊಂದು ಕಾಟ, ನೀವು ಯೋಚನೆ ಮಾಡ್ತಾ ಸುಮ್ನಾದ್ರೆ ಉತ್ತರ ಮುಗೀತು ಅನ್ಕೊಂಡು ಅದು ಮುಂದಿನ ಪ್ರಶ್ನೆಗೆ ಹಾರಬಹುದು. "ಒಂದು ನಿಮಿಷ, ಯೋಚನೆ ಮಾಡಿ ಹೇಳ್ತೀನಿ" ಅನ್ನಿ. ಆದ್ರೂ ಮಧ್ಯೆ ಬಾಯಿ ಹಾಕಿದ್ರೆ ಸಂಕೋಚ ಪಡದೆ "ಹಿಂದಿನ ಉತ್ತರ ಇನ್ನೂ ಮುಗಿದಿಲ್ಲ" ಅಂತ ಹೇಳಿ ಮುಂದುವರಿಸಿ, ಅದಕ್ಕೇನು ಬೇಜಾರಾಗಲ್ಲ.

ಪಕ್ಕದಲ್ಲಿ ಚಾಟ್‌ಬಾಟ್ ಇಟ್ಕೊಂಡು ಓದೋ ಐಡಿಯಾ ಬಿಟ್ಬಿಡಿ. ಟ್ಯಾಬ್ ಬದಲಾಯಿಸಿದ್ದನ್ನ ಕೆಲವು ಸಿಸ್ಟಮ್ ಗಮನಿಸುತ್ತೆ, ಅದು ಬಿಟ್ರೂ ಓದ್ತಿರೋ ದನಿ ಯಾರಿಗಾದ್ರೂ ಗೊತ್ತಾಗುತ್ತೆ. ಕೀವರ್ಡ್ ಬರೆದಿರೋ ಒಂದು ಚೀಟಿ ಸಾಕು, ಅದೂ ನಿಯಮದಲ್ಲಿ ಬೇಡ ಅಂದಿಲ್ಲ ಅಂದ್ರೆ ಮಾತ್ರ.

ತೊದಲು, ಕಿವಿ ಸರಿಯಾಗಿ ಕೇಳಿಸದ ತೊಂದರೆ ಇಂಥದ್ದೇನಾದ್ರೂ ಇದ್ರೆ ಇಂಟರ್‌ವ್ಯೂಗೆ ಮೊದಲೇ ಎಚ್‌ಆರ್‌ಗೆ ಬರೆದು ಬೇರೆ ವ್ಯವಸ್ಥೆ ಕೇಳಿ. ರೆಕಾರ್ಡಿಂಗ್ ಎಷ್ಟು ದಿನ ಇಟ್ಕೊಳ್ತಾರೆ ಅಂತಾನೂ ಕೇಳಬಹುದು, ಅಮೆರಿಕದ ಇಲಿನಾಯ್ ರಾಜ್ಯದಲ್ಲಂತೂ 2020ರಿಂದ ಇರೋ ಕಾನೂನಿನ ಪ್ರಕಾರ ಎಐ ನೋಡೋ ವಿಡಿಯೋ ಇಂಟರ್‌ವ್ಯೂಗೆ ಮುಂಚೆ ಅಭ್ಯರ್ಥಿ ಒಪ್ಪಿಗೆ ತಗೋಬೇಕು, ಡಿಲೀಟ್ ಮಾಡಿ ಅಂದ್ರೆ 30 ದಿನದೊಳಗೆ ಮಾಡ್ಬೇಕು.

ಕೊನೇ ಪ್ರಶ್ನೆ ಆದ ಕೂಡ್ಲೇ ಲ್ಯಾಪ್‌ಟಾಪ್ ಮುಚ್ಚಬೇಡಿ, ಅಪ್‌ಲೋಡ್ ಆಯ್ತು ಅಂತ ಬರೋವರೆಗೂ ಕಾದು ಆ ಪೇಜಿನ ಸ್ಕ್ರೀನ್‌ಶಾಟ್ ತಗೊಂಡಿಡಿ, ನಾಳೆ ನಿಮ್ಮ ವಿಡಿಯೋನೇ ಬಂದಿಲ್ಲ ಅಂತ ಮೇಲ್ ಬಂದ್ರೆ ತೋರಿಸೋಕೆ ಅದೊಂದೇ ಇರೋದು.