ಮಕ್ಕಳ ಹಾಕಿ: ಖಾಲಿ ಜಾಗ ಕಣ್ಣಿಗೆ ಬೀಳೋ ಹಾಗೆ ಆಡ್ಸೋದು ಹೇಗೆ?

ಚಿಕ್ಕ ಮಕ್ಕಳ ಹಾಕಿ ಮ್ಯಾಚ್ ನೋಡಿದ್ರೆ ಗೊತ್ತಾಗತ್ತೆ, ಬಾಲ್ ಎಲ್ಲೋ ಎಲ್ಲಾ ಸ್ಟಿಕ್ಕೂ ಅಲ್ಲೇ, ಇರುವೆ ಮುತ್ತಿದಂಗೆ. ಹೊರಗೆ ನಿಂತು ‘ದೂರ ದೂರ ಹೋಗ್ರೋ’ ಅಂತ ಗಂಟಲು ಹರ್ಕೊಂಡ್ರೂ ಹತ್ತು ಸೆಕೆಂಡಿಗೆ ಮತ್ತೆ ಅದೇ ಗುಂಪು. ನಾನೂ ಬೇಕಾದಷ್ಟು ಕೂಗಿದೀನಿ, ಉಪಯೋಗ ಇಲ್ಲ. ಜಾಗಕ್ಕೆ ಓಡಿದ್ರೇ ಗೆಲ್ಲೋ ಥರ ಆಟದ ರೂಲ್ ಮಾಡ್ಬೇಕು ಅಷ್ಟೇ.

ಮೊದಲು ಮೂವರಿಗೆ ಒಬ್ಬ. 8 ಮೀಟರ್ ಚೌಕಕ್ಕೆ ನಾಲ್ಕು ಕೋನ್ ಇಡಿ, ಮೂವರು ಮೂರು ಮೂಲೇಲಿ, ಕಸಿಯೋನು ನಡುವೆ. ಪಾಸ್ ಅಂಚಿನ ಉದ್ದಕ್ಕೆ ಮಾತ್ರ, ನಡು ಸೀಳಿ ಕೊಡಂಗಿಲ್ಲ. ಒಂದು ಮೂಲೆ ಯಾವಾಗ್ಲೂ ಖಾಲಿ ಇರತ್ತಲ್ಲ, ಮಜಾ ಇರೋದೇ ಅಲ್ಲಿ. ಬಾಲ್ ಪಕ್ಕದ ಮೂಲೆಗೆ ಹೋದ ತಕ್ಷಣ ಕೊಟ್ಟೋನು ನಿಂತಲ್ಲೇ ಇದ್ರೂ ನಡೆಯತ್ತೆ, ಓಡ್ಬೇಕಾದ್ದು ಮೂರನೆಯವನು, ಅವನು ಖಾಲಿ ಮೂಲೆಗೆ ಬಂದ್ರೆ ಬಾಲ್ ಇರೋನಿಗೆ ಎರಡೂ ಕಡೆ ದಾರಿ. ಬಾಲ್ ಮುಟ್ಟದೇ ಇರೋನಿಗೂ ಕೆಲಸ ಇದೆ ಅಂತ ಮಕ್ಕಳಿಗೆ ಹೊಳೆಯೋಕೆ ಎರಡು ಮೂರು ದಿನ ಆಗ್ಬಹುದು, ಆಗ್ಲಿ ಬಿಡಿ. ಹಾಗೇ ಮೈ ಹೇಗೆ ತಿರುಗಿದೆ ನೋಡ್ಕೊಳ್ಳಿ: ಸ್ಟಿಕ್ಕಿನ ಉಬ್ಬಿದ ಕಡೆ ಬಾಲ್ ಮುಟ್ಟಂಗಿಲ್ಲ, ಹಾಗಾಗಿ ಎಡ ಭುಜ ಬಾಲ್ ಬರೋ ಕಡೆಗಿಟ್ಟು, ಬಲಗಾಲಿನ ಹತ್ರ ತಡೆದ್ರೆ ಮುಂದಿನ ಗ್ರೌಂಡೆಲ್ಲ ಕಾಣತ್ತೆ.

ಆಮೇಲೆ ನಾಲ್ಕು ಗೋಲಿನ ಆಟ. 4 ಜನಕ್ಕೆ 4 ಜನ, ಎರಡೂ ತುದೀಲಿ ಎರಡೆರಡು ಪುಟ್ಟ ಗೋಲು. ಒಂದು ಗೋಲಿನ ಮುಂದೆ ಗುಂಪಾದ್ರೆ ಇನ್ನೊಂದು ತೆರೆದೇ ಇರತ್ತೆ, ಕಡೆ ಬದಲಿಸಿ ಹೊಡೆದ ಗೋಲಿಗೆ 2 ಪಾಯಿಂಟ್ ಕೊಡಿ. ಬಾಲ್ ಇರೋನ 3 ಮೀಟರ್ ಒಳಗೆ ಅವನದೇ ಟೀಮಿನವನು ಬಂದ್ರೆ ಬಾಲ್ ಎದುರಾಳಿಗೆ. ಇದೊಂದು ರೂಲ್‌ಗೆ ಗುಂಪು ಚದುರೋದು ನೋಡ್ಬೇಕು ನೀವು!

ನಡುವೆ ಸೀಟಿ ಊದಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ‘ಎಲ್ಲಿ ಖಾಲಿ ಇದೆ?’ ಅಂತ ಕೇಳಿ, ಉತ್ತರ ನೀವು ಹೇಳ್ಬೇಡಿ. ಒಂದು ಪ್ರಾಕ್ಟೀಸಿಗೆ ಎರಡು ಸಲ ಸಾಕು, ಜಾಸ್ತಿ ಆದ್ರೆ ಆಟಾನೇ ಸಾಯತ್ತೆ.

ದೊಡ್ಡ ಗ್ರೌಂಡು 91.4 ಮೀಟರ್ ಉದ್ದ, 55 ಅಗಲ, ಆಫ್‌ಸೈಡ್ ರೂಲೂ ಇಲ್ಲ, ಒಬ್ಬನ್ನ ಮುಂದೇನೇ ನಿಲ್ಲಿಸ್ಬಹುದು. ಅಲ್ಲಿಗೆ ಹೋಗೋಕೆ ಅವಸರ ಬೇಡ. ಚೌಕದಲ್ಲಿ ಸತತ ಐದು ಪಾಸ್ ಆಗ್ತಿಲ್ವಾ, 10 ಮೀಟರ್ ಮಾಡಿ. ಸಲೀಸಾಗಿ ಆಗ್ತಿದ್ಯಾ, 6ಕ್ಕೆ ಇಳಿಸಿ.