ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿದ ಮೇಲೆ ವೈಫೈ ಕಾಣದಿದ್ದರೆ

ವಿಂಡೋಸ್ ಬದಲಿಗೆ ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್. ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ 2 ಜಿಬಿ ರ್‍ಯಾಮ್‌ನಲ್ಲೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಕೈಕೊಡುವುದು ಹೆಚ್ಚಾಗಿ ವೈಫೈ.

ಮೊದಲು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕೊಡಿ. ‘ಹಾರ್ಡ್ ಬ್ಲಾಕ್ಡ್’ ಮುಂದೆ ‘ಯೆಸ್’ ಇದ್ದರೆ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ತಂಟೆಗೆ ಹೋಗಬೇಡಿ. ಅಂಚಿನಲ್ಲಿರುವ ವೈಫೈ ಸ್ವಿಚ್ಚನ್ನೋ ಎಫ್‌ಎನ್ ಕೀಯನ್ನೋ ನೋಡಿ. ವೈರ್‌ಲೆಸ್ ಹೆಸರೇ ಬರದಿದ್ದರೆ ‘ಎಲ್‌ಎಸ್‌ಪಿಸಿಐ’ (lspci) ಕೊಡಿ, ಒಳಗಿರುವ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಕಾರ್ಡ್ ಬ್ರಾಡ್‌ಕಾಮ್‌ನದಾದರೆ ಬಹುತೇಕ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ.

ಡ್ರೈವರ್ ಇಳಿಸಲು ನೆಟ್ ಬೇಕಲ್ಲ? ಪಾವಗಡ, ಮಧುಗಿರಿ ಕಡೆಯ ಹಳ್ಳಿಮನೆಯಲ್ಲಿ ಮೊಬೈಲ್ ಡೇಟಾ ಒಂದೇ ಇದ್ದರೂ ಸಾಕು. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆ ಆಯ್ಕೆ ಮಸುಕಾಗೇ ಇದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಇರಬಹುದು, ಬದಲಿಸಿ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್ ಡ್ರೈವರ್ ಆರಿಸಿ.

ಜನ ಎಡವುವುದು ಇಲ್ಲೇ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಾಫ್ಟ್‌ವೇರ್ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಡ್ರೈವರ್ ಹಾಕುವಾಗ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ; ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, 10 ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಬಿಟ್ಟರೆ ಡ್ರೈವರ್ ಇದ್ದರೂ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಒಳಗೆ ಬಿಡುವುದಿಲ್ಲ.

ವೈಫೈ ಬಂದರೂ ಅಪ್‌ಡೇಟ್ ಆಗದಿದ್ದರೆ ಗಡಿಯಾರ ನೋಡಿ. ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡ್‌ನ ಬಿಲ್ಲೆ ಬ್ಯಾಟರಿ ಸತ್ತಿರಬೇಕು. ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ತುಮಕೂರಿನ ವಾಚ್ ಅಂಗಡಿಗಳಲ್ಲೇ ಕೇಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಗೆ ವೈರ್ ಬೆಸೆದಿರುತ್ತದೆ, ಬಿಚ್ಚಿ ನೋಡಿಯೇ ಕೊಳ್ಳಿ.