ಡಯಲ್ ಮೇಲೆ ‘ಎಂ’ ಇದ್ದರೆ ಸಾಲದು

ನನ್ನ ಮೊದಲ ಪುಟ್ಟ ಕ್ಯಾಮೆರಾದ ಡಯಲ್ ಮೇಲೆ ‘ಎಂ’ ಅಕ್ಷರ ಕಂಡಿದ್ದೇ ತಡ, ಮ್ಯಾನುವಲ್, ಅಂದರೆ ಎಲ್ಲವನ್ನೂ ನಾನೇ ಹೊಂದಿಸುವ ಸೌಲಭ್ಯ, ಸಿಕ್ಕಿತು ಅಂತ ಕೊಂಡುಬಿಟ್ಟೆ. ಮನೆಗೆ ತಂದು ನೋಡಿದರೆ ಅಪರ್ಚರ್‌ಗೆ (ಲೆನ್ಸಿನಲ್ಲಿ ಬೆಳಕು ಬರುವ ಕಂಡಿ; ಅಂಕಿ ದೊಡ್ಡದಾದಷ್ಟು ಕಂಡಿ ಚಿಕ್ಕದು) ಎರಡೇ ಎರಡು ಆಯ್ಕೆ: ಎಫ್/3.1 ಇಲ್ಲವೇ ಎಫ್/8. ನಡುವೆ ಏನೂ ಇಲ್ಲ. ಆ ಎಫ್/8 ಕೂಡ ಹೆಸರಿಗಷ್ಟೇ. ಲೆನ್ಸಿನ ಕಂಡಿ ಕಿರಿದಾಗುತ್ತಿರಲಿಲ್ಲ, ಬೆಳಕು ತಗ್ಗಿಸುವ ಮಬ್ಬು ಫಿಲ್ಟರ್ ಒಂದು ಒಳಗೆ ಅಡ್ಡ ಬರುತ್ತಿತ್ತು. ಅಗ್ಗದ ಎಷ್ಟೋ ಕ್ಯಾಮೆರಾಗಳಲ್ಲಿ ಇದೇ ಕಥೆ. ಆದ್ದರಿಂದ ಮೊದಲು ‘ಎಂ’ಗೆ ತಿರುಗಿಸಿ ಅಪರ್ಚರ್ ಬದಲಿಸಿ ನೋಡಿ. 2.8, 3.2, 3.5, 4 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಮಾತ್ರ ಮುಂದಿನ ಮಾತು.

ಕಡಿಮೆ ದುಡ್ಡಿಗೆ ಬೇಕು ಅಂದರೆ ಹೊಸದರಲ್ಲಿ ಅಗ್ಗದ್ದನ್ನು ಹುಡುಕಬೇಡಿ, ಹಳೆಯದರಲ್ಲಿ ದುಬಾರಿಯಾಗಿದ್ದದ್ದನ್ನು ಹುಡುಕಿ. 2009ರ ಕ್ಯಾನನ್ ಎಸ್90, ಮರುವರ್ಷದ ಎಸ್95, 2011ರ ಒಲಿಂಪಸ್ ಎಕ್ಸ್‌ಝಡ್-1, 2012ರ ಪ್ಯಾನಸಾನಿಕ್ ಎಲ್‌ಎಕ್ಸ್7, ಅದೇ ವರ್ಷದ ಸೋನಿ ಆರ್‌ಎಕ್ಸ್100. ಫೋಟೋ ಹುಚ್ಚಿರುವವರಿಗೆಂದೇ ಮಾಡಿದ ಕ್ಯಾಮೆರಾಗಳಿವು. ಎಲ್ಲದರಲ್ಲೂ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಕೊಡುವ ಚಿತ್ರ) ಸಿಗುತ್ತದೆ, ಲೆನ್ಸಿನ ಸುತ್ತ ತಿರುಗಿಸುವ ಉಂಗುರವೂ ಇದೆ. ಎಲ್‌ಎಕ್ಸ್7ರಲ್ಲಂತೂ ಅಪರ್ಚರ್ ಅಂಕಿಗಳನ್ನು ಉಂಗುರದ ಮೇಲೇ ಕೆತ್ತಿದ್ದಾರೆ.

ಕೈಗೆ ಬಂದ ಯಾವ ಕ್ಯಾಮೆರಾವನ್ನಾದರೂ ನಾನು ಪರೀಕ್ಷೆ ಮಾಡುವುದು ನಲ್ಲಿಯ ಮುಂದೆ. ಕಿಟಕಿ ಪಕ್ಕದ ನಲ್ಲಿಯನ್ನು ತೊಟ್ಟಿಕ್ಕಲು ಬಿಟ್ಟು, ಕ್ಯಾಮೆರಾವನ್ನು ಒಂದು ಡಬ್ಬದ ಮೇಲೆ ಕೂರಿಸುತ್ತೇನೆ. ಮೊದಲು ಶಟರ್, ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, 1/1000 ಸೆಕೆಂಡು: ಹನಿಗಳು ಬಿಡಿ ಮಣಿಗಳಂತೆ ನಿಲ್ಲಬೇಕು. ಆಮೇಲೆ 1/4 ಸೆಕೆಂಡು: ಅದೇ ನೀರು ನೂಲಿನಂತೆ ಎಳೆಯಾಗಬೇಕು. ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿಕೊಳ್ಳಿ. ಉಂಗುರ, ಡಯಲ್ ಇದ್ದರೆ ನಾಲ್ಕೈದು ಸೆಕೆಂಡು. ಮೆನುವಿನೊಳಗೆ ಹೊಕ್ಕು, ಬಾಣದ ಗುಂಡಿ ಒತ್ತೊತ್ತಿ ಹೋಗಬೇಕಾದರೆ ಅರ್ಧ ನಿಮಿಷ, ಜೊತೆಗೆ ಬೈಗುಳ. ಅಂಥ ಕ್ಯಾಮೆರಾ ಕೊಂಡವರು ಒಂದೇ ತಿಂಗಳಲ್ಲಿ ಎಲ್ಲವನ್ನೂ ಕ್ಯಾಮೆರಾವೇ ಹೊಂದಿಸುವ ಆಟೋ ಮೋಡಿಗೆ ಮರಳುತ್ತಾರೆ. ನಾನೂ ಮರಳಿದ್ದೆ. ಅಂದಹಾಗೆ, 1/1000ಕ್ಕೆ ಬೆಳಕು ಸಾಲದೆ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆಯಾದ ಐಎಸ್‌ಒ ಏರಿಸಲೇಬೇಕಾಗುತ್ತದೆ. ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಎಷ್ಟು ಕಾಳುಕಾಳು ಬರುತ್ತದೆ ಅನ್ನುವುದೂ ಅದೇ ಫೋಟೋದಲ್ಲಿ ಬಯಲಾಗುತ್ತದೆ.

ಆ ಕಾಳು ಬಹುಮಟ್ಟಿಗೆ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ಪಿನ, ಅಳತೆಯ ವಿಷಯ: ದೊಡ್ಡದಾದಷ್ಟು ಕಾಳು ಕಡಿಮೆ. ಮಾಮೂಲಿ 1/2.3 ಇಂಚಿನ ಸೆನ್ಸರ್ ಸುಮಾರು 6.2 × 4.6 ಮಿಲಿಮೀಟರ್. ಆರ್‌ಎಕ್ಸ್100ರ ‘1 ಇಂಚು’ ಸೆನ್ಸರ್ 13.2 × 8.8, ಅಂದರೆ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. (ಅದರ ಯಾವ ಬದಿಯೂ ಒಂದು ಇಂಚಿಲ್ಲ! ಹಳೆಯ ಟಿವಿ ಕ್ಯಾಮೆರಾ ಟ್ಯೂಬುಗಳ ಹೊರ ವ್ಯಾಸದ ಲೆಕ್ಕ ಹೆಸರಾಗಿ ಉಳಿದುಕೊಂಡಿದೆ.) ಮೆಗಾಪಿಕ್ಸೆಲ್ ತಲೆಗೆ ಹಚ್ಚಿಕೊಳ್ಳಬೇಡಿ, ಹತ್ತು ಇದ್ದರೆ ಧಾರಾಳ.

ಇನ್ನೊಂದು ಮೋಸ ಲೆನ್ಸಿನದು. ಪೆಟ್ಟಿಗೆಯ ಮೇಲೆ ಎಫ್/2 ಅಂತ ದಪ್ಪಗೆ ಇರುತ್ತದೆ, ಅದು ಜೂಮ್ ಮಾಡದಿದ್ದಾಗಿನ ಮಾತು. ಲೆನ್ಸಿನ ಮೂತಿಯ ಮೇಲೆ ಬರೆದಿರುವ ಎರಡನೆಯ ಅಂಕಿ ಓದಿ. ಎಸ್95ರಲ್ಲಿ 2–4.9, ಎಕ್ಸ್‌ಝಡ್-1ರಲ್ಲಿ 1.8–2.5. ಪೂರ್ತಿ ಜೂಮ್ ಮಾಡಿದಾಗ ಎಸ್95ಕ್ಕಿಂತ ಒಲಿಂಪಸ್ಸೇ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಂಜೆ ಹೊತ್ತು ಮುಖಗಳ ಫೋಟೋ ತೆಗೆಯುವವರಿಗೆ ಇದು ದೊಡ್ಡ ಮಾತು. ಆದರೆ ಎಸ್95 ಜೇಬಿಗೆ ಇಳಿಯುತ್ತದೆ, ಎಕ್ಸ್‌ಝಡ್-1 ಉಬ್ಬಿಕೊಂಡು ಕಾಣುತ್ತದೆ. ನನಗೆ ಜೇಬೇ ಮುಖ್ಯ.

ಬಳಸಿದ ಕ್ಯಾಮೆರಾ ಅಂದಮೇಲೆ ಕೊಡುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಹತ್ತು ಸಲ ಆನ್ ಆಫ್ ಮಾಡಿ, ಲೆನ್ಸಿಗೆ ಕಿವಿಗೊಡಿ. ಕರಕರ ಅಂದರೆ ವಾಪಸು ಕೊಟ್ಟುಬಿಡಿ. ಎಫ್/8ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಬೂದು ಮಚ್ಚೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ, ಬಿಚ್ಚದೆ ಹೋಗುವುದಿಲ್ಲ. ಲೆನ್ಸಿಗೆ ಅಂಗೈ ಮುಚ್ಚಿ ನಾಲ್ಕು ಸೆಕೆಂಡಿನ ಫೋಟೋ ತೆಗೆದರೆ ಕೆಟ್ಟ ಪಿಕ್ಸೆಲ್‌ಗಳು ಬಣ್ಣದ ಚುಕ್ಕಿಗಳಾಗಿ ಹೊಳೆಯುತ್ತವೆ. ಒಂದೆರಡು ಇದ್ದರೆ ಇರಲಿ.

ಕಾರ್ಡು ಯಾವುದು ಅಂತಲೂ ಕೇಳಿ. ಎಕ್ಸ್‌ಡಿ ಕಾರ್ಡಿನವು ಎಷ್ಟೇ ಚೆನ್ನಾಗಿದ್ದರೂ ಬೇಡ, ಆ ಕಾರ್ಡುಗಳ ತಯಾರಿಕೆಯೇ ನಿಂತಿದೆ. 2006ಕ್ಕಿಂತ ಹಿಂದಿನ ಎಸ್‌ಡಿ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 2 ಜಿಬಿ ದಾಟಿದ ಕಾರ್ಡು ಓದಲು ಬರುವುದಿಲ್ಲ. ಬ್ಯಾಟರಿ ಬಿಗಿಯಾಗಿ ಸಿಕ್ಕಿಕೊಂಡು ಈಚೆ ಬರದಿದ್ದರೆ ಊದಿಕೊಂಡಿದೆ ಅಂತ ಲೆಕ್ಕ. ಬ್ಯಾಟರಿ ಬಾಗಿಲಿನ ಕೊಕ್ಕೆ ಮುರಿದಿದ್ದರೆ ಮಾತ್ರ ನಾನು ಹೆದರುವುದಿಲ್ಲ. ಈಗ ನನ್ನ ಕೈಯಲ್ಲಿರುವುದರ ಬಾಗಿಲು ರಬ್ಬರ್ ಬ್ಯಾಂಡಿನಲ್ಲಿ ನಿಂತಿದೆ, ಅದನ್ನು ತೋರಿಸಿಯೇ ಚೌಕಾಸಿ ಮಾಡಿದ್ದು.